ಕೊಟ್ಟಿಗೆ ಗೋಡೆಯ ಟಪ್ ಟಪ್

ಬನ್ನಿ ಮಾರಾಯರೇ, ಬೇಲಿ ಹತ್ತಿರ ಬನ್ನಿ. ಆ ದಾಸವಾಳದ ಗೆಲ್ಲು ಸ್ವಲ್ಪ ಸರಿಸಿದರೆ ಮುಖ ಕಾಣುತ್ತದೆ. ಬೆಳಗಿನಿಂದ ಹಿಡಿದ ಮಳೆ ಈಗಷ್ಟೇ ಹೊಳವಾಗಿದೆ. ಇನ್ನರ್ಧ ಗಂಟೆಗೆ ಮತ್ತೆ ಸುರಿಯುತ್ತದೆ. ಅಷ್ಟರೊಳಗೆ ನಿಮ್ಮ ದೂರು ಕೇಳಿಬಿಡುತ್ತೇನೆ.

ದೂರು ಏನೆಂದು ನನಗೆ ಗೊತ್ತು. ನಿಮ್ಮ ಕೊಟ್ಟಿಗೆ ಗೋಡೆಯಿಂದ ಬರುವ ಸದ್ದು ತಾನೇ? ಟಪ್. ಟಪ್. ಟಪ್. ಸಂಜೆ ಐದಕ್ಕೆ ಹಿಡಿದರೆ ದೇವರಿಗೆ ದೀಪ ಹಚ್ಚುವವರೆಗೆ. ದನ ಬೆಚ್ಚುತ್ತದೆ, ಅಜ್ಜಿಗೆ ತಲೆ ಚಿಟ್ಟು ಹಿಡಿಯುತ್ತದೆ, ಗೋಡೆಯ ಸುಣ್ಣ ಉದುರುತ್ತದೆ. ಮಗಳನ್ನು ಫುಟ್‌ಬಾಲ್ ಕಲಿಯಲು ಕಳಿಸಿ ಒಂದೂವರೆ ತಿಂಗಳಾಯಿತು, ಈ ಡ್ರಿಲ್ ಮಾಸ್ತರು ಅವಳಿಗೆ ಕಲಿಸಿದ್ದು ಗೋಡೆಗೆ ಚೆಂಡು ಹೊಡೆಯುವುದು ಮಾತ್ರ, ಕಪ್ಪು ಗಿಪ್ಪು ಇರುವ ಮ್ಯಾಚು ಆಡಿಸುವುದು ಯಾವಾಗ ಅಂತ ಕೇಳುತ್ತಿದ್ದೀರಿ. ಹೆತ್ತವರು ಕೇಳಬೇಕಾದ ಪ್ರಶ್ನೆಯೇ ಅದು.

ಉತ್ತರಕ್ಕೆ ಮೊದಲು ಒಂದು ನಿಮಿಷ ಸುಮ್ಮನೆ ಕಿವಿಗೊಡಿ. ಟಪ್, ಟಪ್, ಟಪ್ — ಎಲ್ಲ ಒಂದೇ ತೂಕದ ಸದ್ದು. ಇದು ಬಲಗಾಲು. ಈಗ ಕೇಳಿ. ಟಪ್... ಟುಸ್... ಟಪ್. ಒಂದು ಭಾರ, ಒಂದು ಹಗುರ, ನಡುವಿನ ಲಯ ತಪ್ಪಿದೆ. ಅದು ಎಡಗಾಲು. ಜೂನ್ ಮೊದಲ ವಾರದಲ್ಲಿ ಅವಳ ಬಲಗಾಲಿನ ಸದ್ದೂ ಹೀಗೇ ಇತ್ತು. ನಾನು ದಿನಾ ಜಗಲಿಯಲ್ಲಿ ಕೂತು ಕೇಳುತ್ತಿದ್ದೇನೆ. ನಿಮಗೆ ಅದು ಗಲಾಟೆ. ನನಗೆ ಒಂದು ಮಗು ಕಲಿಯುತ್ತಿರುವ ಸದ್ದು.

ಮ್ಯಾಚಿನ ವಿಷಯಕ್ಕೆ ಒಂದು ಲೆಕ್ಕ ಹಾಕೋಣ. 20 ಮಕ್ಕಳು, ಒಂದು ಚೆಂಡು, 60 ನಿಮಿಷ. ಎಲ್ಲರಿಗೂ ಸಮಪಾಲು ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ತಲೆಗೆ 3 ನಿಮಿಷ. ಆದರೆ ಸಮಪಾಲು ಎಲ್ಲಿ ಸಿಗುತ್ತದೆ? ಮೈಕಟ್ಟು ಬಂದ ನಾಲ್ಕು ಹುಡುಗರ ಕಾಲಲ್ಲೇ ಚೆಂಡು ಸುತ್ತುತ್ತದೆ. ನಿಮ್ಮ ಮಗಳಂಥ ಪುಟ್ಟ ಮಕ್ಕಳು ಅದರ ಹಿಂದೆ ಓಡಿ ಓಡಿ, ಅರ್ಧ ನಿಮಿಷವೂ ಮುಟ್ಟದೆ ಮನೆಗೆ ಬರುತ್ತಾರೆ. ಅದೇ ಗೋಡೆಯ ಮುಂದೆ ನೋಡಿ. ಮೂರು ಸೆಕೆಂಡಿಗೆ ಒಂದರಂತೆ ನಿಮಿಷಕ್ಕೆ 20, ಹತ್ತು ನಿಮಿಷಕ್ಕೆ 200. ತಪ್ಪಿಹೋದ ಚೆಂಡು ಹೆಕ್ಕಿ ತರುವ ಹೊತ್ತು ಕಳೆದರೂ 150ಕ್ಕೆ ಮೋಸವಿಲ್ಲ. ದಿನಕ್ಕೆ ಹತ್ತೇ ನಿಮಿಷವೆಂದರೂ ಈ ಮಳೆಗಾಲದ ನೂರು ದಿನಕ್ಕೆ 15,000 ಸಲ. ಯಾವ ಟೂರ್ನಮೆಂಟು ಒಂದು ಮಗುವಿಗೆ ಅಷ್ಟು ಸಲ ಚೆಂಡು ಕೊಡುತ್ತದೆ ಹೇಳಿ?

ಕಾಲಲ್ಲಿ ತಳ್ಳಿದರಾಯಿತು, ಅದರಲ್ಲಿ ಕಲಿಯುವುದಕ್ಕೆ ಎಂತ ಉಂಟು ಅಂತ ನಿಮಗೆ ಅನ್ನಿಸಬಹುದು. ಒಂದು ಪಾಸಿನಲ್ಲಿ ಎಷ್ಟು ಸಂಗತಿ ಇದೆ ನೋಡಿ. ನಿಂತ ಕಾಲು ಚೆಂಡಿನ ಪಕ್ಕದಲ್ಲಿರಬೇಕು, ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ. ಅದರ ಬೆರಳು ಚೆಂಡು ಹೋಗಬೇಕಾದ ಕಡೆ ನೋಡುತ್ತಿರಬೇಕು. ಮಂಡಿ ಚೂರು ಬಾಗಿರಬೇಕು. ಹೊಡೆಯುವ ಕಾಲಿನ ಹರಡು ಬಿಗಿಯಾಗಿರಬೇಕು, ಸಡಿಲ ಬಿಟ್ಟರೆ ಚೆಂಡು ಎತ್ತಲೋ ಹೋಗುತ್ತದೆ. ಪಾದದ ಒಳಮೈ ಚೆಂಡಿನ ನಡುವಿಗೇ ತಾಗಬೇಕು, ಕೆಳಗೆ ತಾಗಿದರೆ ಹಾರುತ್ತದೆ. ತಾಗಿದ ಮೇಲೂ ಕಾಲು ಅದೇ ದಿಕ್ಕಿಗೆ ಸಾಗಬೇಕು. ಹತ್ತು ವರ್ಷದ ಮಗು ಇಷ್ಟನ್ನೂ ಯೋಚಿಸಿ ಮಾಡುವ ಹೊತ್ತಿಗೆ ಎದುರಿನವರು ಚೆಂಡು ಕಿತ್ತುಕೊಂಡಾಗಿರುತ್ತದೆ. ಯೋಚಿಸದೆಯೇ ಆಗಬೇಕು. ಅದಕ್ಕೆ ಈ ಗೋಡೆ.

ಕೊಡುವುದಕ್ಕಿಂತ ಕಷ್ಟದ್ದು ತಗೊಳ್ಳುವುದು. ಫಸ್ಟ್ ಟಚ್ ಅನ್ನುತ್ತೇವೆ. ನಿಮ್ಮ ತೋಟದಲ್ಲಿ ಕೊನೆಕೊಯ್ಲು ನೋಡಿದ್ದೀರಲ್ಲ. ಮೇಲಿನಿಂದ ಕೊನೆಗಾರ ಬಿಟ್ಟ ಅಡಿಕೆಗೊನೆ ಹಗ್ಗದ ಮೇಲೆ ಜುಯ್ಯೆಂದು ಜಾರಿ ಬರುತ್ತದೆ. ಕೆಳಗೆ ಹಗ್ಗ ಹಿಡಿದವನು ಅದು ಹತ್ತಿರ ಬರುತ್ತಿದ್ದಂತೆ ಹಗ್ಗ ಸಡಿಲಿಸುತ್ತಾನೆ. ಬಿಗಿಯಾಗಿಯೇ ಹಿಡಿದರೆ ಅಡಿಕೆ ಉದುರಿ ತೋಟವೆಲ್ಲ ಚೆಲ್ಲಾಪಿಲ್ಲಿ. ಬರುವ ಚೆಂಡಿಗೂ ಹಾಗೇ. ಕಾಲು ಎದುರು ಹೋಗಿ ಅದನ್ನು ಮುಟ್ಟಬೇಕು, ಮುಟ್ಟಿದ ಕ್ಷಣದಲ್ಲೇ ಅದರ ಜೊತೆ ಹಿಂದೆ ಸರಿಯಬೇಕು. ಆಗ ಚೆಂಡು ಕಾಲಬುಡದಲ್ಲಿ ಬಂದು ಕೂರುತ್ತದೆ. ಹಗ್ಗ ಹಿಡಿಯುವುದನ್ನು ನಿಮ್ಮ ಆಳು ಪುಸ್ತಕ ಓದಿ ಕಲಿಯಲಿಲ್ಲ. ಸಾವಿರ ಕೊನೆ ಇಳಿಸಿ ಕಲಿತ.

ಇದರಲ್ಲಿ ನಮ್ಮ ಕೊಪ್ಪದ ನೆಲವೂ ಒಬ್ಬ ಗುರು. ಇಲ್ಲಿ ಸಮತಟ್ಟು ಅಂಗಳ ಸಿಗುವುದೇ ದುರ್ಲಭ. ಸಿಕ್ಕಿದರೂ ನವೆಂಬರ್ ಬಂತೆಂದರೆ ಅದರ ತುಂಬ ಅಡಿಕೆ ಒಣಗುತ್ತಿರುತ್ತದೆ, ಆಮೇಲೆ ಕಾಫಿ. ಉಳಿದದ್ದು ಗುಡ್ಡದ ಓರೆ. ಅಲ್ಲಿ ಚೆಂಡು ಕಾಲಿಗೆ ನಿಲ್ಲದಿದ್ದರೆ ಇಳಿಜಾರು ಹಿಡಿದು ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ. ಹೋಗಿ ತರಬೇಕು, ಉಂಬಳ ಕಚ್ಚಿಸಿಕೊಂಡು ಹತ್ತಬೇಕು. ಎರಡು ಸಲ ಹಳ್ಳಕ್ಕಿಳಿದ ಮಗು ಮೂರನೇ ಸಲ ಚೆಂಡು ತಡೆಯುವ ಎಚ್ಚರವೇ ಬೇರೆ. ಕೂಗಿ ಹೇಳಿ ಕಲಿಸಲಾಗದ್ದನ್ನು ಆ ಇಳಿಜಾರು ಸುಮ್ಮನೆ ಕಲಿಸಿಬಿಡುತ್ತದೆ. ಹುಲ್ಲುಹಾಸಿನ ಮೈದಾನ ಬರುವವರೆಗೆ ಕಾಯೋಣ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಮಗುವಿನ ಹತ್ತನೇ ವರ್ಷ ಕಾಯುವುದಿಲ್ಲ.

ಒಂದನ್ನೇ ಮತ್ತೆ ಮತ್ತೆ ಮಾಡಿದರೆ ಮಕ್ಕಳ ಬುದ್ಧಿ ಮಂದವಾಗುತ್ತದೆ ಅಂದಿರಲ್ಲ, ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಶೃಂಗೇರಿಯಲ್ಲಿ. ಅಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಬೆಳಗಿನ ಹೊತ್ತು ತುಂಗೆಯ ದಂಡೆಗೆ ಹೋಗುತ್ತಿದ್ದೆ. ವೇದ ಕಲಿಯುವ ಹುಡುಗರ ದನಿ ಕೇಳುತ್ತಿತ್ತು. ಮೊದಮೊದಲು ಒಂದೇ ಮಾತು ಹಿಂದೆ ಮುಂದೆ ಓಡಾಡುವಂತೆ ಕೇಳುತ್ತಿತ್ತು, ಏನೆಂದು ತಿಳಿಯಲಿಲ್ಲ. ಆಮೇಲೆ ಬಲ್ಲವರೊಬ್ಬರು ಬಿಡಿಸಿ ಹೇಳಿದರು. ಜಟೆ ಅಂತ ಒಂದು ಕ್ರಮ: ಒಂದು-ಎರಡು, ಎರಡು-ಒಂದು, ಒಂದು-ಎರಡು. ಘನ ಅಂತ ಇನ್ನೊಂದು: ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು. ಮಂತ್ರದ ಪದಗಳನ್ನು ಹೀಗೆ ನೇಯ್ದು ಹೇಳುತ್ತ ಹೋದರೆ ಒಂದಕ್ಷರ ಜಾರಿದರೂ ಅಲ್ಲೇ ಗೊತ್ತಾಗುತ್ತದೆ. ಬರಹದ ಆಸರೆಯಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಸ್ವರ ಕೆಡದೆ ಬಂದದ್ದು ಹೀಗೆ.

ಅವತ್ತು ಸಂಜೆ ಮೂವರು ಹುಡುಗರನ್ನು ಸಾಲಾಗಿ ನಿಲ್ಲಿಸಿದೆ. ಮೊದಲನೆಯವ ಎರಡನೆಯವನಿಗೆ ಕೊಡಬೇಕು, ಅವನು ಹಿಂದಕ್ಕೆ ಕೊಡಬೇಕು. ಮತ್ತೆ ಒಂದು, ಎರಡು, ಮೂರು. ಮೂರರಿಂದ ವಾಪಸು ಎರಡು, ಒಂದು. ಮತ್ತೆ ಒಂದು, ಎರಡು, ಮೂರು. ಎಲ್ಲಿ ಟಚ್ ಒರಟಾಯಿತೋ ಅಲ್ಲೇ ಸರಪಳಿ ಕಡಿಯುತ್ತಿತ್ತು. ಯಾರ ತಪ್ಪು ಅಂತ ನಾನು ಹೇಳಬೇಕಾಗಲೇ ಇಲ್ಲ, ಅವರಿಗೇ ಗೊತ್ತಾಗುತ್ತಿತ್ತು. ಕಡಿಯದೆ ಒಂದು ಸುತ್ತು ಮುಗಿದಾಗ ಆ ಮೂವರ ಮುಖ ನೋಡಬೇಕಿತ್ತು ನೀವು. ಗೋಲು ಹೊಡೆದಾಗ ಕೂಗಾಡುತ್ತಾರಲ್ಲ, ಅದಲ್ಲ. ಒಂದು ಕೆಲಸ ಕೈವಶವಾದಾಗ ಒಳಗಿನಿಂದ ಬರುವ ಸಮಾಧಾನ ಅದು. ಬುದ್ಧಿ ಮಂದವಾದ ಮಕ್ಕಳ ಮುಖದಲ್ಲಿ ಆ ಬೆಳಕು ಬರುವುದಿಲ್ಲ ಮಾರಾಯರೇ.

ಮೊನ್ನೆ ನೀವು ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಸಿದಿರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅದೇ ಹಳೆಯ ಬೋರ್ಡೋ ದ್ರಾವಣ. ಮೈಸೂರು ಸರ್ಕಾರದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಅದನ್ನು ಮಲೆನಾಡಿನಲ್ಲಿ ರೂಢಿಗೆ ತಂದು ನೂರು ವರ್ಷ ದಾಟಿತು. ಮಳೆಗೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮೊದಲ ಸಲವೇ ಚೆನ್ನಾಗಿ ಹೊಡೆದಿದ್ದೇವೆ, ಮತ್ತೆ ಯಾಕೆ ಅಂತ ನೀವು ಯಾವತ್ತಾದರೂ ಕೇಳಿದ್ದುಂಟೆ? ಮಳೆ ತೊಳೆದುಕೊಂಡು ಹೋಗುತ್ತದೆ ಅಂತ ನಿಮಗೆ ಗೊತ್ತು. ಮಕ್ಕಳ ಮೈಯೂ ಹಾಗೆಯೇ. ಭಾನುವಾರ ಕಲಿತದ್ದನ್ನು ವಾರದ ಆರು ದಿನ ತೊಳೆಯುತ್ತಿರುತ್ತವೆ. ಜೊತೆಗೆ ಅವರು ಬೆಳೆಯುತ್ತಿರುತ್ತಾರೆ. ಆರು ತಿಂಗಳಲ್ಲಿ ಕಾಲು ಉದ್ದವಾಗುತ್ತದೆ, ತೂಕ ಬದಲಾಗುತ್ತದೆ, ಹಳೆಯ ಅಳತೆ ಕೆಡುತ್ತದೆ. ಹೊಸ ಕಾಲಿಗೆ ಹಳೆಯ ಪಾಠವನ್ನೇ ಮತ್ತೆ ಹೇಳಬೇಕು.

ಆದರೆ ಒಂದು ಎಚ್ಚರ. ಮತ್ತೆ ಮತ್ತೆ ಮಾಡುವುದೆಂದರೆ ಗಾಣದೆತ್ತಿನ ಹಾಗೆ ಸುತ್ತುವುದಲ್ಲ. ತಪ್ಪನ್ನೇ ಸಾವಿರ ಸಲ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ, ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಅದಕ್ಕೇ ನಾನು ಮೊದಲ ಹದಿನೈದು ದಿನ ನಿಮ್ಮ ಮಗಳ ಪಕ್ಕದಲ್ಲೇ ನಿಂತಿದ್ದೆ. ಇನ್ನೊಂದು, ಒಂದೇ ದೂರದಿಂದ ಒಂದೇ ಬಿರುಸಿನಲ್ಲಿ ಹೊಡೆಯುತ್ತಿದ್ದರೆ ಕಾಲು ಗೋಡೆಗೆ ಮಾತ್ರ ಒಗ್ಗುತ್ತದೆ, ಆಟಕ್ಕೆ ಒಗ್ಗುವುದಿಲ್ಲ. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಉಳಿಗೆ ಸುತ್ತಿಗೆ ಹೊಡೆಯುವ ಕೆಲಸಗಾರರ ಚಲನೆಯನ್ನು ಚಿತ್ರ ತೆಗೆದು ಅಳೆದ. ನುರಿತವನ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಹೊಡೆತದಲ್ಲೂ ಚೂರು ಚೂರು ಬೇರೆ ದಾರಿಯಲ್ಲಿ ಸಾಗುತ್ತಿದ್ದವು, ಸುತ್ತಿಗೆ ಮಾತ್ರ ಬಂದು ಬೀಳಬೇಕಾದಲ್ಲೇ ಬೀಳುತ್ತಿತ್ತು. ಪಳಗಿದ ಕೈ ಒಂದೇ ಚಲನೆಯನ್ನು ನಕಲು ಮಾಡುವುದಿಲ್ಲ, ಒಂದೇ ಲೆಕ್ಕವನ್ನು ಪ್ರತಿಸಲ ಹೊಸದಾಗಿ ಬಿಡಿಸುತ್ತದೆ. ಹಾಗಾಗಿ ನಾನು ಹೇಳುವುದು, ಇವತ್ತು ಗೋಡೆಯಿಂದ ಐದು ಹೆಜ್ಜೆ, ನಾಳೆ ಎಂಟು. ಒಮ್ಮೆ ಒಣಗಿದ ಚೆಂಡು, ಒಮ್ಮೆ ಒದ್ದೆಯದು. ಒಮ್ಮೆ ನಿಂತು, ಒಮ್ಮೆ ಓಡಿಬಂದು. ಪಾಠ ಒಂದೇ, ಪ್ರಶ್ನೆ ಬೇರೆ ಬೇರೆ.

ಚೆಂಡಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಪೇಟೆಯಿಂದ ತರುವಾಗ ದೊಡ್ಡದೇ ಇರಲಿ, ಬೆಳೆದ ಮೇಲೂ ಆಗುತ್ತದೆ ಅಂತ ಅಂಗಿ ಕೊಂಡ ಹಾಗೆ ಚೆಂಡು ಕೊಳ್ಳುತ್ತೇವೆ. ದೊಡ್ಡವರ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ಸೈಜು, ಅದಕ್ಕಿಂತ ಸಣ್ಣವರಿಗೆ 3. ಪುಟ್ಟ ಕಾಲಿಗೆ ಭಾರದ ಚೆಂಡು ಕೊಟ್ಟರೆ ಅದನ್ನು ದೂಡಲು ಮಗು ಮೈಯೆಲ್ಲ ವಾಲಿಸುತ್ತದೆ, ಬೆರಳ ತುದಿಯಿಂದ ಗುದ್ದುತ್ತದೆ, ಆ ಅಭ್ಯಾಸವೇ ಅಂಟಿಕೊಳ್ಳುತ್ತದೆ. ತಲೆಯಿಂದ ಹೊಡೆಯುವುದನ್ನಂತೂ ಈ ವಯಸ್ಸಿಗೆ ನಾನು ಕಲಿಸುವುದೇ ಇಲ್ಲ. ಅಮೆರಿಕದವರು ಹತ್ತು ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಲ್ಲಿಸಿದ್ದಾರೆ. ಬೆಳೆಯುವ ತಲೆಯ ವಿಷಯದಲ್ಲಿ ಅವಸರ ಬೇಡ.

ನರಸಿಂಹರಾಜಪುರದಲ್ಲಿದ್ದ ವರ್ಷಗಳನ್ನು ನಾನು ಮರೆಯಲಾರೆ. ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಅಣೆಕಟ್ಟಿನ ಹಿನ್ನೀರು ಆ ಊರಿನ ಮಗ್ಗುಲಿಗೇ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆಯ ನೆಲ ಬಯಲಾಗುತ್ತದೆ, ಗರಿಕೆ ಚಿಗುರುತ್ತದೆ. ನಮ್ಮ ಗುಡ್ಡಗಾಡಿಗೆ ಪ್ರಕೃತಿ ಕೆಲವೇ ತಿಂಗಳ ಮಟ್ಟಿಗೆ ಕೊಡುವ ಮೈದಾನ ಅದು. ಆ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಯೂರಿದ ಕುಟುಂಬಗಳೂ ಬಹಳ. ರಬ್ಬರ್ ತೋಟದ ಆ ಮನೆಗಳಲ್ಲಿ ವಿಶ್ವಕಪ್ ಅಂದರೆ ಫುಟ್‌ಬಾಲಿನದೇ. ಅಲ್ಲಿನ ಒಬ್ಬ ಹುಡುಗ ನನ್ನ ಹತ್ತಿರ ಬಂದಾಗ ಅವನಿಗೆ ಒಂಬತ್ತು ವರ್ಷ. ಎರಡು ಕಾಲೂ ಸಮಸಮ ಓಡುತ್ತಿದ್ದವು. ಯಾರು ಕಲಿಸಿದರು ಅಂದೆ. ಅಪ್ಪ ದಿನಾ ಹಾಲು ಕರೆಯುವ ಹೊತ್ತಿಗೆ ಪಕ್ಕದಲ್ಲಿ ಚೆಂಡು ಹಿಡಿದು ಬಾ ಎನ್ನುತ್ತಿದ್ದರಂತೆ. ಹಸು ಕರೆದು ಮುಗಿಯುವವರೆಗೆ ಎಡಗಾಲು ಮಾತ್ರ. ಆ ಅಪ್ಪ ಯಾವ ಕೋಚಿಂಗ್ ಲೈಸೆನ್ಸೂ ಪಡೆದವರಲ್ಲ. ದಿನಾ ತಪ್ಪದ ಒಂದು ಹೊತ್ತಿಗೆ ಒಂದು ಪಾಠವನ್ನು ಕಟ್ಟಿಹಾಕಿದ್ದರು, ಅಷ್ಟೇ.

ಅಷ್ಟೇ ಅಂದೆ, ಆದರೆ ಭಾರತ ಕಂಡ ದೊಡ್ಡ ಕೋಚ್ ಮಾಡಿದ್ದೂ ಅದನ್ನೇ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ಅವರೂ ಶಾಲಾ ಮೇಷ್ಟ್ರೇ. 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ, ಎಲ್ಲವೂ ಅವರ ಕೈಕೆಳಗೆ ಬಂದದ್ದು. ಜಕಾರ್ತದ ಆ ತಂಡದಲ್ಲಿ ನಮ್ಮ ಬೆಂಗಳೂರಿನ ಡಿ. ಅರುಮೈನಾಯಗಂ ಇದ್ದರು. ಈ ರಹೀಂ ಸಾಹೇಬರು ಹೈದರಾಬಾದಿನಲ್ಲಿ ವಿಚಿತ್ರ ಟೂರ್ನಮೆಂಟುಗಳನ್ನು ಆಡಿಸುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವಂತಿಲ್ಲ, ಚೆಂಡು ಬಂದೊಡನೆ ಕೊಡಬೇಕು. ಇನ್ನೊಂದರಲ್ಲಿ ಬಲ ಕಡಿಮೆಯಿರುವ ಕಾಲಿನಿಂದಲೇ ಆಡಬೇಕು. ಸುಮ್ಮನೆ ಉಪದೇಶ ಮಾಡುವ ಬದಲು, ಕಲಿಯದೆ ವಿಧಿಯಿಲ್ಲದಂತೆ ಆಟವನ್ನೇ ಕಟ್ಟಿದರು. ನಾನು ಅವರಿಂದ ಕದ್ದ ವಿದ್ಯೆಯೇ ನಿಮ್ಮ ಮಗಳ ಎಡಗಾಲಿನ ಈ ಟುಸ್ ಟುಸ್.

1948ರ ಲಂಡನ್ ಒಲಿಂಪಿಕ್ಸ್ ಕಥೆಯೂ ನೆನಪಾಗುತ್ತದೆ. ಸ್ವತಂತ್ರ ಭಾರತದ ತಂಡ, ಬಹುತೇಕ ಆಟಗಾರರು ಬರಿಗಾಲು, ಎದುರಿಗೆ ಫ್ರಾನ್ಸ್. ಮೈಸೂರು ತಂಡಕ್ಕೆ ಆಡುತ್ತಿದ್ದ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಆದರೂ 2–1ರಿಂದ ಸೋತೆವು. ಆ ಪಂದ್ಯದಲ್ಲಿ ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಕೈತಪ್ಪಿದವು. ಬೂಟಿಲ್ಲದ ಕಾಲಿನ ಚಳಕ ಕಂಡು ಲಂಡನ್ನಿನವರು ಬೆರಗಾದರು, ಸೋಲು ಮಾತ್ರ ನಿಂತ ಚೆಂಡನ್ನು ಹನ್ನೆರಡು ಗಜದಿಂದ ಹೊಡೆಯುವ ಅತ್ಯಂತ ಸರಳ ಕೆಲಸದಲ್ಲಿ ಬಂತು. ನನಗೆ ಅವರ ಮೇಲೆ ಅಭಿಮಾನವೇ ಹೊರತು ದೂರಿಲ್ಲ. ಆದರೆ ಸರಳವಾದದ್ದನ್ನು ಹಗುರ ಮಾಡಬೇಡಿ ಅಂತ ಮಕ್ಕಳಿಗೆ ಹೇಳುವಾಗ ಈ ಕಥೆ ಹೇಳುತ್ತೇನೆ. ನೀವು ಕೇಳಿದ ಕಪ್ಪಿನ ವಿಷಯಕ್ಕೆ ಬಂದರೆ, ಮೈಸೂರು 1968–69ರಲ್ಲಿ ಗೆದ್ದಿದ್ದ ಸಂತೋಷ್ ಟ್ರೋಫಿ ಮತ್ತೆ ನಮ್ಮ ಕೈಗೆ ಬಂದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. 54 ವರ್ಷದ ನಡುವೆ ಎಷ್ಟು ತಂಡ ಬಂದವು, ಹೋದವು. ಕಪ್ಪು ಒಂದು ದಿನ ಬರುತ್ತದೆ. ಪಾಠ ಮಾತ್ರ ದಿನಾ ನಡೆಯಬೇಕು.

ನನ್ನದೇ ಒಂದು ನೋವು ಹೇಳುತ್ತೇನೆ. ನಾನು ಹನ್ನೊಂದರ ಹುಡುಗನಾಗಿದ್ದಾಗ ಒಂದು ಟೂರ್ನಮೆಂಟಿಗೆ ಕರೆದುಕೊಂಡು ಹೋದರು. ಮೂರು ಪಂದ್ಯ, ಒಂದರಲ್ಲೂ ಆಡಿಸಲಿಲ್ಲ. ಎತ್ತರದವರನ್ನು ಆಡಿಸಿದರು, ಕಪ್ಪು ಬಂತು, ಫೋಟೋ ತೆಗೆದರು. ಫೋಟೋದಲ್ಲಿ ನಾನೂ ಇದ್ದೇನೆ, ಮೂಲೆಯಲ್ಲಿ ನೀರಿನ ಕೊಡದ ಪಕ್ಕ. ಆ ಮೂರು ದಿನ ಒಬ್ಬರಾದರೂ ನನಗೆ ಒಂದು ಚೆಂಡು ಕೊಟ್ಟು ಆ ಗೋಡೆಗೆ ಹೊಡೆಯುತ್ತಿರು ಅಂದಿದ್ದರೆ ನಾನು ಬರಿಗೈಯಲ್ಲಿ ಬರುತ್ತಿರಲಿಲ್ಲ. ಮಾಸ್ತರನಾದ ದಿನವೇ ತೀರ್ಮಾನ ಮಾಡಿದೆ, ನನ್ನ ಬಳಿ ಬಂದ ಮಗು ಚೆಂಡು ಮುಟ್ಟದೆ ಮನೆಗೆ ಹೋಗಬಾರದು. ಅದಕ್ಕೇ ಭಾನುವಾರದ ಕೊನೆಯ ಇಪ್ಪತ್ತು ನಿಮಿಷ ನಾಲ್ಕು-ನಾಲ್ಕು ಮಕ್ಕಳ ಸಣ್ಣ ಆಟ. ಹೊರಗೆ ಕೂರುವವರು ಯಾರೂ ಇಲ್ಲ.

ಕಳೆದ ಭಾನುವಾರ ನೀವೂ ಕೊಡೆ ಹಿಡಿದು ನಿಂತಿದ್ದಿರಿ. ಮಗಳು ಗೋಲು ಹೊಡೆಯಲಿಲ್ಲ ಅಂತ ಬೇಜಾರು ಮಾಡಿಕೊಂಡಿರಿ. ನಾನು ಕಂಡದ್ದನ್ನು ಹೇಳಲೇ? ಒಂದೂವರೆ ತಿಂಗಳ ಹಿಂದೆ ಅವಳ ಕಣ್ಣು ಚೆಂಡಿಗೇ ಅಂಟಿರುತ್ತಿತ್ತು. ಪಾಪ, ಅದು ಎಲ್ಲಿ ಓಡಿಹೋಗುತ್ತದೋ ಅನ್ನುವ ಭಯ. ಮೊನ್ನೆ ಚೆಂಡು ಅವಳ ಕಡೆ ಬರುತ್ತಿತ್ತು. ಅದು ಕಾಲಿಗೆ ತಲುಪುವ ಮೊದಲೇ ಅವಳು ತಲೆ ಎತ್ತಿ ಹೆಗಲಾಚೆ ನೋಡಿದಳು. ಎಡಗಡೆ ಎಲ್ಲರಿಗಿಂತ ಸಣ್ಣ ಹುಡುಗ ಒಬ್ಬನೇ ನಿಂತಿದ್ದ, ಅವನಿಗೆ ಯಾರೂ ಚೆಂಡು ಕೊಡುವುದಿಲ್ಲ. ಚೆಂಡು ಬಂತು, ಕಾಲಬುಡದಲ್ಲಿ ಕೂತಿತು, ಎಡಗಾಲಿನಿಂದ ಅವನ ಮುಂದಕ್ಕೆ ಹೋಯಿತು. ಅವನು ಎಡವಿದ, ಚೆಂಡು ಕಳೆದುಕೊಂಡ, ಗೋಲು ಆಗಲಿಲ್ಲ. ನೀವು ಅಯ್ಯೋ ಅಂದಿರಿ. ನನ್ನ ಕಣ್ಣು ತುಂಬಿಬಂದಿತ್ತು.

ನನಗೆ ಹೇಳಲಿಕ್ಕಿರುವುದು ಇದೊಂದೇ ನೋಡಿ. ಕಾಲು ಕಲಿತರೆ ಕಣ್ಣಿಗೆ ಬಿಡುವು. ಹದಿನೈದು ಸಾವಿರ ಸಲ ಗೋಡೆಗೆ ಹೊಡೆಸುವುದು ಅವಳು ಗೋಡೆಯ ಹಾಗೆ ಆಗಲಿ ಅಂತ ಅಲ್ಲ. ಕಾಲಿನ ಕೆಲಸ ಕಾಲೇ ನೋಡಿಕೊಂಡರೆ ಅವಳು ತಲೆಯೆತ್ತಿ ಸುತ್ತಲಿನವರನ್ನು ನೋಡಬಹುದು ಅಂತ. ಒಂಟಿಯಾಗಿ ನಿಂತವನು ಕಣ್ಣಿಗೆ ಬೀಳುವುದು ತಲೆಯೆತ್ತಿದವರಿಗೆ ಮಾತ್ರ.

ಅಗೋ, ಕಪ್ಪಾಯಿತು, ಕುಂದಾದ್ರಿ ಕಡೆಯಿಂದ ಮತ್ತೆ ಬರುತ್ತಿದೆ ಮಳೆ. ಇನ್ನು ಹತ್ತು ನಿಮಿಷ ಇರಬಹುದು. ಒಂದು ಉಪಕಾರ ಮಾಡಿ. ಗೋಡೆ ಚೆಂಡನ್ನು ವಾಪಸು ಕೊಡುತ್ತದೆ, ಆದರೆ ಆಚೀಚೆ ಸರಿಯುವುದಿಲ್ಲ, ಅವಳು ಹುಡುಕಿ ನೋಡಬೇಕಾದ ಕಡೆ ಹೋಗಿ ನಿಲ್ಲುವುದಿಲ್ಲ. ನೀವು ಹೋಗಿ. ಪಂಚೆ ಎತ್ತಿ ಕಟ್ಟಿ ಅವಳ ಎದುರು ನಿಲ್ಲಿ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸರಿಯಿರಿ. ಚೆಂಡು ಕೊಡುವ ಮೊದಲು ಅವಳು ತಲೆಯೆತ್ತಿ ನಿಮ್ಮ ಮುಖ ನೋಡುತ್ತಾಳೋ ಇಲ್ಲವೋ, ಅದನ್ನು ಮಾತ್ರ ಲೆಕ್ಕ ಇಡಿ. ನಾನು ಜಗಲಿಯಲ್ಲಿ ಕೂತು ಸದ್ದು ಕೇಳುತ್ತಿರುತ್ತೇನೆ.